ಕ್ರೊಂಚೊಂಗ್‌ನ ಗಿಟಾರು
ಇಂಡೋನೇಷ್ಯಾದ ಕ್ರೊಂಚೊಂಗ್ ಕೇಳುವಾಗ ಗಾಯಕರನ್ನು ಕೊಂಚ ಬದಿಗಿಟ್ಟು ಗಿಟಾರಿನ ಬೆನ್ನು ಹತ್ತಬೇಕು. ಪೋರ್ಚುಗೀಸರ ಜೊತೆ ಬಂದ ತಂತಿವಾದ್ಯಗಳಿಂದ, ಜಕಾರ್ತದ ತುಗುವಿನಂಥ ಊರುಗಳಲ್ಲಿ ಬೆಳೆದ ಸಂಗೀತವಿದು. ಉಕುಲೇಲೆಯಂಥ ಎರಡು ಪುಟ್ಟ ವಾದ್ಯಗಳು, ಚಕ್ ಮತ್ತು ಚುಕ್, ಒಂದರ ಸಂದಿನಲ್ಲಿ ಇನ್ನೊಂದು ಮಿಡಿಯುತ್ತವೆ. ಚೆಲ್ಲೋವನ್ನು ಕಮಾನಿಲ್ಲದೆ ಬೆರಳಿನಿಂದಲೇ ಮೀಟಿ ಮದ್ದಳೆಯ ನಡೆ ಹೊರಡಿಸುತ್ತಾರೆ. ಇವುಗಳ ನಡುವೆ ಗಿಟಾರು ಬರೀ ಒತ್ತು ಕೊಟ್ಟು ಕೂರುವುದಿಲ್ಲ, ಬಿಡಿ ಸ್ವರಗಳಲ್ಲಿ ಎಡೆಬಿಡದೆ ಏರಿಳಿಯುತ್ತದೆ. ಅಲ್ಲಿನ ಗಮೆಲಾನ್ ವಾದ್ಯಮೇಳ ಕೇಳಿ ಬೆಳೆದ ಕಿವಿಗೇ ಇಂಥ ನಡೆ ಹೊಳೆದೀತು ಎಂದು ನನಗನ್ನಿಸುತ್ತದೆ. ಗೆಸಾಂಗ್ 1940ರಲ್ಲಿ ರಚಿಸಿದ ‘ಬೆಂಗಾವನ್ ಸೋಲೊ’ ಎಂಬ ಕ್ರೊಂಚೊಂಗ್ ಹಾಡನ್ನು ಹೀಗೇ ಕೇಳಿ ನೋಡಿ. 1970ರ ದಶಕದಲ್ಲಿ ಗಾಯಕ ರೋಮಾ ಇರಾಮಾ ಎಲೆಕ್ಟ್ರಿಕ್ ಗಿಟಾರು ಹಿಡಿದು, ಹಿಂದಿ ಚಿತ್ರಗೀತೆಗಳ ಛಾಯೆಯಿದ್ದ, ಇಂಡೋನೇಷ್ಯಾದ ಇನ್ನೊಂದು ಜನಪ್ರಿಯ ಸಂಗೀತವಾದ ದಂಗ್ದುತ್‌ಗೆ ರಾಕ್‌ನ ಕಾವು ಕೊಟ್ಟದ್ದೂ ದೊಡ್ಡ ಕೆಲಸವೇ. ಆದರೆ ನನ್ನ ಒಲವು ಮಾತ್ರ ಕ್ರೊಂಚೊಂಗ್ ಕಡೆಗೇ.