ಅರ್ಕಾವತಿ ಕಣಿವೆಯ ನೀರಿನ ಲೆಕ್ಕ: ಉದ್ಯಮಿಗಳೂ ಬರೆದಿಡಬೇಕು

ದಾಸ್ತಾನು ಪುಸ್ತಕವಿಲ್ಲದೆ ಅಂಗಡಿಯನ್ನಾಗಲಿ ಕಾರ್ಖಾನೆಯನ್ನಾಗಲಿ ನಡೆಸಲು ಸಾಧ್ಯವಿಲ್ಲವೆಂಬುದು ನಮ್ಮೆಲ್ಲರಿಗೂ ತಿಳಿದ ವಿಷಯ. ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಮೂರು ಅಂಕಿಗಳ ಮೇಲೆಯೇ ವಹಿವಾಟು ನಿಂತಿದೆ. ಆದರೆ ಉತ್ಪಾದನೆಗೆ ಅತ್ಯಗತ್ಯವಾದ ನೀರಿನ ಬಗ್ಗೆ ಈ ಲೆಕ್ಕವನ್ನು ಇಟ್ಟವರು ನಮ್ಮಲ್ಲಿ ವಿರಳ. ಮೋಟಾರು ಗಾಳಿ ಎಳೆಯತೊಡಗಿದಾಗಲಷ್ಟೇ ದಾಸ್ತಾನು ಮುಗಿದಿರುವುದು ಅರಿವಿಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಜಿಲ್ಲಾಡಳಿತವೇ ಮುಂದೆ ಬಂದು ಟ್ಯಾಂಕರ್ ನೀರಿನ ದರವನ್ನು ನಿಗದಿಪಡಿಸಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಈ ಹಿನ್ನೆಲೆಯಲ್ಲಿ ಅರ್ಕಾವತಿ ಕಣಿವೆಯ ಉದಾಹರಣೆ ಗಮನಾರ್ಹವಾದುದು. ನಂದಿಬೆಟ್ಟದ ಬಳಿ ಹುಟ್ಟುವ ಈ ನದಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳ ಮೂಲಕ ಸಾಗಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳು, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳು, ಪೀಣ್ಯ ಮತ್ತು ಬಿಡದಿಯ ಕಾರ್ಖಾನೆಗಳು ಈ ನದಿಯ ಮತ್ತು ಅದರ ಉಪನದಿಗಳ ಆಸುಪಾಸಿನಲ್ಲಿವೆ. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿಗೆ ನೀರು ಬರುತ್ತಿತ್ತು. ಕಾಲಕ್ರಮದಲ್ಲಿ ಒಳಹರಿವು ಕ್ಷೀಣಿಸಿ, ಈ ಶತಮಾನದ ಎರಡನೆಯ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೊದಗಿಸುವುದು ನಿಂತೇಹೋಯಿತು.

ಮಳೆ ಕಡಿಮೆಯಾದುದೇ ಇದಕ್ಕೆ ಕಾರಣವೆಂಬುದು ಸಾಮಾನ್ಯ ನಂಬಿಕೆ. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇತರರೊಡನೆ ಸೇರಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಒಳಹರಿವಿನ ಕುಸಿತವನ್ನು ಮಳೆಯೊಂದರಿಂದ ವಿವರಿಸಲಾಗದೆಂದು ತೋರಿಸಿತು. ಅಂತರ್ಜಲದ ಅತಿಬಳಕೆ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಹೆಚ್ಚು ಸಂಭವನೀಯ ಕಾರಣಗಳೆಂದು ಅದು ಗುರುತಿಸಿತು. ಹಳ್ಳ ಮತ್ತು ಬಾವಿ ಒಂದೇ ಖಾತೆಯ ಎರಡು ಪುಟಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದರೆ ನೀರು ಜಿನುಗಿ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ; ಮಟ್ಟ ತಳಕ್ಕಿಂತ ಕೆಳಗಿಳಿದರೆ ಮಳೆಗಾಲದ ನೀರನ್ನೂ ಒಣನೆಲ ಹೀರಿಕೊಳ್ಳುತ್ತದೆ. ಆದ್ದರಿಂದ ಒಂದನ್ನು ಮಾತ್ರ ಅಳೆದರೆ ಲೆಕ್ಕ ಪೂರ್ಣವಾಗದು.

ಕಣ್ಣಳತೆಯನ್ನು ನಂಬುವುದೂ ತರವಲ್ಲ. ಅರ್ಕಾವತಿಯ ಮೇಲ್ಭಾಗ ಬಹುತೇಕ ಒಣಗಿರುವಾಗಲೂ ಅದರ ಉಪನದಿಯಾದ ವೃಷಭಾವತಿ ವರ್ಷವಿಡೀ ತುಂಬಿ ಹರಿಯುತ್ತದೆ. ಆ ಹರಿವು ಮುಖ್ಯವಾಗಿ ಕಾವೇರಿಯಿಂದ ನಗರಕ್ಕೆ ಬಂದು, ಬಳಕೆಯಾಗಿ, ಚರಂಡಿ ಸೇರಿದ ನೀರು. ತುಂಬಿದ ಹಳ್ಳವನ್ನು ಕಂಡು ನೆಲದಡಿಯ ದಾಸ್ತಾನೂ ತುಂಬಿದೆಯೆಂದು ಭಾವಿಸಿದರೆ ಮೋಸಹೋದಂತೆಯೇ.

ಸರ್ಕಾರ ಅಳೆಯುತ್ತಿಲ್ಲವೇ ಎಂಬ ಪ್ರಶ್ನೆ ಸಹಜ. ಕೇಂದ್ರ ಅಂತರ್ಜಲ ಮಂಡಳಿ ವರ್ಷದಲ್ಲಿ ನಾಲ್ಕು ಬಾರಿ ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ದಾಖಲಿಸುತ್ತ ಬಂದಿದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೂ ತನ್ನದೇ ಬಾವಿಗಳಿವೆ. ಮಳೆಯ ಅಂಕಿಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಲಭ್ಯವಿವೆ. ಆದರೆ ನಮ್ಮದು ಗಟ್ಟಿಶಿಲೆಯ ನೆಲ. ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ಸಂಚರಿಸುವುದರಿಂದ ಒಂದು ಕೊಳವೆಬಾವಿ ಬತ್ತಿದಾಗ ಪಕ್ಕದ್ದು ಚಿಮ್ಮಬಹುದು. ಹತ್ತಾರು ಕಿಲೋಮೀಟರ್ ದೂರದ ಬಾವಿಯ ಅಂಕಿಯಿಂದ ನಮ್ಮ ಆವರಣದ ಸ್ಥಿತಿಯನ್ನು ಊಹಿಸಲಾಗದು.

ಅಂಕಿಗಳನ್ನು ಕೊಟ್ಟರೆ ನಾಳೆ ಅವನ್ನೇ ಆಧಾರವಾಗಿಟ್ಟುಕೊಂಡು ಶುಲ್ಕವನ್ನೋ ನಿರ್ಬಂಧವನ್ನೋ ಹೇರಿದರೆ ಏನು ಗತಿ ಎಂಬುದು ಸದಸ್ಯರ ಆತಂಕ. ಇದು ನಿರಾಧಾರವೇನಲ್ಲ. ಆದರೆ ಅಂಕಿಗಳಿಲ್ಲದಿದ್ದರೂ ನಿರ್ಬಂಧಗಳು ಬಂದಿವೆ. 2003ರ ಸರ್ಕಾರಿ ಅಧಿಸೂಚನೆಯು ತಿಪ್ಪಗೊಂಡನಹಳ್ಳಿ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ ಕೈಗಾರಿಕೆಗಳಿಗೆ ಮಿತಿ ವಿಧಿಸಿತು. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿಯೂ ಇರುವ ಬಾವಿಗೆ ನೋಂದಣಿಯೂ ಅಗತ್ಯ. ತೋಪುಗಳ ಪಾಲೆಷ್ಟು, ನೀರಾವರಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬ ಚರ್ಚೆ ಬಂದಾಗ ದಾಖಲೆಯಿಲ್ಲದವನ ವಾದಕ್ಕೆ ಬೆಲೆಯಿಲ್ಲ. ನಮ್ಮ ಪಾಲು ಅಲ್ಪವಾಗಿದ್ದರೆ ಅದನ್ನು ಸಾಬೀತುಪಡಿಸಲು, ಅಧಿಕವಾಗಿದ್ದರೆ ಕಾಲವಿರುವಾಗಲೇ ತಿದ್ದಿಕೊಳ್ಳಲು ಅಳತೆಯೊಂದೇ ದಾರಿ.

ಇದಕ್ಕೆ ಭಾರೀ ಬಂಡವಾಳವೇನೂ ಬೇಕಿಲ್ಲ. ಪ್ರತಿಯೊಂದು ಕೈಗಾರಿಕಾ ಪ್ರದೇಶದ ಸಂಘವು ಬಳಕೆಯಲ್ಲಿಲ್ಲದ, ಆದರೆ ಕುಸಿದಿರದ ಒಂದು ಕೊಳವೆಬಾವಿಯನ್ನು ವೀಕ್ಷಣೆಗೆಂದು ಮೀಸಲಿಡಲಿ. ಅದರ ಬಾಯಿಗೆ ಬೀಗವುಳ್ಳ ಭದ್ರ ಮುಚ್ಚಳ ಇರಲೇಬೇಕು. ಬಳಕೆಯ ಬಾವಿಗಳಲ್ಲಿ ಬೆಳಿಗ್ಗೆ ಮೋಟಾರು ಚಾಲನೆಗೆ ಮುನ್ನ, ನೀರು ಸ್ಥಿರವಾಗಿ ನಿಂತಿರುವಾಗ ಮಟ್ಟವನ್ನು ಅಳೆಯಬೇಕು. ಕೊರೆಯುವಾಗ ನೀರು ಸಿಕ್ಕ ಆಳವೇ ಬೇರೆ, ನೀರು ನಿಂತ ಮಟ್ಟವೇ ಬೇರೆ, ದಾಖಲಿಸಬೇಕಾದುದು ಎರಡನೆಯದನ್ನು. ಸಮೀಪದ ಹಳ್ಳದ ಸೇತುವೆಯ ಕಂಬಕ್ಕೆ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆದು ಅಳತೆಪಟ್ಟಿಯೊಂದನ್ನು ಅಳವಡಿಸಬಹುದು. ಬಾವಿಯ ಬಾಯಿ ಮತ್ತು ಹಳ್ಳದ ತಳ ಇವೆರಡರ ಎತ್ತರವನ್ನೂ ಸರ್ವೇಯರೊಬ್ಬರಿಂದ ಸಮುದ್ರಮಟ್ಟಕ್ಕೆ ಹೋಲಿಸಿ ಒಮ್ಮೆ ಗುರುತಿಸಿಕೊಂಡರೆ, ಹಳ್ಳ ಬಾವಿಗೆ ಕೊಡುತ್ತಿದೆಯೋ ಬಾವಿಯಿಂದ ಪಡೆಯುತ್ತಿದೆಯೋ ಎಂಬುದರ ಸುಳಿವು ಪ್ರತಿ ತಿಂಗಳೂ ಸಿಗುತ್ತದೆ. ಎತ್ತಿದ ನೀರಿನ ಲೆಕ್ಕಕ್ಕೆ ಪಂಪಿಗೊಂದು ಮೀಟರು ಸಾಕು.

ಒಂದು ವರ್ಷದ ಅಂಕಿಗಳಿಂದ ಅವಸರದ ತೀರ್ಮಾನಕ್ಕೆ ಬರುವುದು ಬೇಡ. ಮುಂಗಾರಿಗೆ ಮುಂಚಿನ ಮೇ ತಿಂಗಳ ಮಟ್ಟವನ್ನು ಹಿಂದಿನ ವರ್ಷಗಳ ಮೇ ತಿಂಗಳಿಗೂ, ಮಳೆ ಮುಗಿದ ನವೆಂಬರಿನ ಮಟ್ಟವನ್ನು ಹಿಂದಿನ ನವೆಂಬರುಗಳಿಗೂ ಹೋಲಿಸಬೇಕು. ಉತ್ತಮ ಮಳೆಯ ವರ್ಷದಲ್ಲೂ ನವೆಂಬರಿನ ಮಟ್ಟ ಏರದಿದ್ದರೆ ಅದು ಎಚ್ಚರಿಕೆಯ ಗಂಟೆ. ಹೊಸ ಯಂತ್ರಕ್ಕೆ ಸಾಲ ಪಡೆಯುವ ಮುನ್ನ, ನೀರು ಹೆಚ್ಚು ಬೇಡುವ ಬಣ್ಣಗಾರಿಕೆಯಂಥ ಘಟಕವನ್ನು ವಿಸ್ತರಿಸುವ ಮುನ್ನ ಈ ಅಂಕಿಗಳನ್ನು ನೋಡುವುದು ವಿವೇಕ.

ವಾಣಿಜ್ಯೋದ್ಯಮ ಸಂಸ್ಥೆಯು ಈ ಕಾರ್ಯದಲ್ಲಿ ಮುಂದಾಳತ್ವ ವಹಿಸಬೇಕೆಂಬುದು ನಮ್ಮ ಸಲಹೆ. ಸದಸ್ಯರ ಹೆಸರಿಲ್ಲದೆ, ಪ್ರದೇಶವಾರು ಮಟ್ಟಗಳನ್ನು ಪ್ರತಿ ತಿಂಗಳು ಈ ಪತ್ರಿಕೆಯ ಒಂದು ಪುಟದಲ್ಲಿ ಪ್ರಕಟಿಸಬಹುದು. ಪೇಟೆ ಧಾರಣೆಯನ್ನು ನೋಡುವಷ್ಟೇ ಆಸಕ್ತಿಯಿಂದ ಸದಸ್ಯರು ಆ ಪುಟವನ್ನೂ ನೋಡುವಂತಾಗಲಿ. ಬರುವ ಮೇ ತಿಂಗಳ ಅಳತೆಯಿಂದಲೇ ಈ ಲೆಕ್ಕ ಆರಂಭವಾಗಬೇಕು.