ಅಮ್ಮನ ಮೈಯೊಳಗಿನ ಸಕ್ಕರೆ

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು. ಅಷ್ಟು ವರ್ಷವೂ ಅವಳ ಕೈಯಿಂದ ಸಕ್ಕರೆ ಡಬ್ಬ ಕಿತ್ತುಕೊಂಡವನು ನಾನು. ಹೋದ ತಿಂಗಳು ಅದೇ ಅಮ್ಮನಿಗೆ ನರಕ್ಕೆ ಸೂಜಿ ಚುಚ್ಚಿಸಿ ಸಕ್ಕರೆ ಕೊಡಿಸಲು ನಾನೇ ಕರೆದುಕೊಂಡು ಹೋದೆ. ಅದೂ ವಿಕಿರಣ ಸೂಸುವ ಸಕ್ಕರೆ!

ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಮುಗಿದಿತ್ತು. ಈಗ ಬಿಡದ ಒಣಕೆಮ್ಮು, ಎಕ್ಸ್‌ರೇಯಲ್ಲಿ ಏನೋ ನೆರಳು. ಡಾಕ್ಟರ್ ಪೆಟ್ ಸ್ಕ್ಯಾನ್ ಬರೆದುಕೊಟ್ಟರು.

ಮೊದಲ ದಿನ ವಾಪಸ್ ಕಳಿಸಿಬಿಟ್ಟರು. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದಿದ್ದರೂ, 'ಪಾಪ, ಸುಸ್ತಾಗುತ್ತೆ' ಅಂತ ದೊಡ್ಡಮ್ಮ ಬೆಳಿಗ್ಗೆ ಒಂದು ಲೋಟ ಬಾದಾಮಿ ಹಾಲು ಕುಡಿಸಿದ್ದರು. ರಕ್ತದಲ್ಲಿ ಸಕ್ಕರೆ 240. ಅವರ ಮಿತಿ 200. ರಕ್ತದಲ್ಲಿ ಮಾಮೂಲಿ ಸಕ್ಕರೆ ತುಂಬಿಕೊಂಡಿದ್ದರೆ ಇವರು ಕೊಡೋ ಸಕ್ಕರೆಗೆ ಜೀವಕೋಶದೊಳಗೆ ಹೋಗಲು ಪೈಪೋಟಿ. ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಆ ಮದ್ದನ್ನು ಫ್ರಿಜ್‌ನಲ್ಲಿಟ್ಟು ನಾಳೆ ಕೊಡೋಕಾಗಲ್ಲ. ಸೈಕ್ಲೋಟ್ರಾನ್‌ನಲ್ಲಿ ತಯಾರಾಗುವ ಫ್ಲೋರಿನ್-18, ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ.

ಎಫ್‌ಡಿಜಿ ಅಂತ ಅದರ ಹೆಸರು. ಗ್ಲೂಕೋಸ್‌ನ ಎರಡನೇ ಇಂಗಾಲದ ಮೇಲಿರುವ ಆಮ್ಲಜನಕ-ಜಲಜನಕದ ಜೋಡಿಯನ್ನು ತೆಗೆದು ಈ ಫ್ಲೋರಿನ್ ಕೂರಿಸುತ್ತಾರೆ, ಅಷ್ಟೇ. ಜೀವಕೋಶ ಇದನ್ನು ಗ್ಲೂಕೋಸ್ ಅಂತಲೇ ಒಳಗೆ ಬಿಟ್ಟುಕೊಂಡು, ಮೊದಲ ಹಂತದಲ್ಲಿ ಒಂದು ಫಾಸ್ಫೇಟನ್ನೂ ಅಂಟಿಸುತ್ತದೆ. ಮುಂದಿನ ಹಂತಕ್ಕೆ ಹೋಗಲಾರದು, ಸುಲಭವಾಗಿ ಹೊರಗೂ ಬರಲಾರದು. ಬಸ್ ಹತ್ತಿದ ಮೇಲೆ ಇಳಿಯೋ ಸ್ಟಾಪೇ ಇಲ್ಲದ ಪ್ರಯಾಣಿಕನ ಹಾಗೆ. ಬಹಳಷ್ಟು ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ನುಂಗುತ್ತವೆ ಅನ್ನೋದನ್ನು ಜರ್ಮನಿಯ ಓಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದ. ಆದರೆ 1976ರ ಆಗಸ್ಟ್‌ನಲ್ಲಿ ಎಫ್‌ಡಿಜಿಯನ್ನು ಮೊದಲ ಬಾರಿ ಮನುಷ್ಯರಿಗೆ ಕೊಟ್ಟಾಗ ನೋಡಲು ಹೊರಟಿದ್ದು ಗಡ್ಡೆಯನ್ನಲ್ಲ, ಮಿದುಳನ್ನು. ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಿಸಿ, ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ತಂದು, ಇಬ್ಬರು ಸ್ವಯಂಸೇವಕರಿಗೆ ಕೊಟ್ಟಿದ್ದರು. 110 ನಿಮಿಷದ ಗಡಿಯಾರ ಹಿಡಿದುಕೊಂಡು ಆ ವಿಮಾನಕ್ಕೆ ಕಾದವರ ಎದೆಬಡಿತ ಹೇಗಿತ್ತೋ!

ಎರಡನೇ ಸಲ ಸಕ್ಕರೆ 138 ಇತ್ತು, ಪಾಸ್. ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಅಲುಗಾಡದೆ, ಮಾತಾಡದೆ ಮಲಗಬೇಕು. ದುಡಿಯೋ ಸ್ನಾಯುಗಳೂ ಸಕ್ಕರೆ ತಿಂದು ಚಿತ್ರ ಕೆಡಿಸುತ್ತವೆ. ಅಮ್ಮ ಒಂದು ಗಂಟೆ ಮಾತಾಡದೆ ಇದ್ದದ್ದು ನಮ್ಮ ಮನೆಯ ಇತಿಹಾಸದಲ್ಲೇ ಮೊದಲು.

ಸಂಜೆ ಮನೆಗೆ ಬಂದರೆ ಎರಡು ವರ್ಷದ ಮಗಳು 'ಅಜ್ಜೀ' ಅಂತ ಓಡಿ ಬಂದಳು. ಮಕ್ಕಳಿಂದ ಕೆಲವು ಗಂಟೆ ದೂರ ಇರಿ ಅಂದಿದ್ದರು. ಅಮ್ಮ ಗಾಬರಿಯಾಗಿ ರೂಮಿನ ಚಿಲಕ ಹಾಕಿಕೊಂಡಳು. ಬಾಗಿಲಾಚೆ ಮಗು, ಬಾಗಿಲೀಚೆ ಅಜ್ಜಿ, ಇಬ್ಬರೂ ಅಳು. ನಾನು ಲೆಕ್ಕ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟಿದ್ದು, ರಾತ್ರಿ ಒಂಬತ್ತಕ್ಕೆ ಆರು ಸಲ ಅರ್ಧವಾಗಿ ಅರವತ್ನಾಲ್ಕರಲ್ಲಿ ಒಂದು ಪಾಲೂ ಉಳಿದಿರಲ್ಲ. ಮೂತ್ರದಲ್ಲಿ ಹೋಗಿದ್ದು ಬೇರೆ. ಒಂಬತ್ತಕ್ಕೆ ಚಿಲಕ ತೆಗೆಸಿದೆ. ಅಷ್ಟರಲ್ಲಿ ಮಗಳು ನಿದ್ದೆ ಹೋಗಿದ್ದಳು.

ರಿಪೋರ್ಟಿನ ಚಿತ್ರ ನೋಡಿದಾಗ ನನ್ನ ಕೈ ನಡುಗಿತು. ತಲೆ ಪೂರ್ತಿ ಹೊಳೀತಿತ್ತು! ಡಾಕ್ಟರ್ ನಕ್ಕು, 'ಮಿದುಳು ಯಾವಾಗಲೂ ಸಕ್ಕರೆ ತಿನ್ನುತ್ತೆ, ಅದು ನಾರ್ಮಲ್. ಮೂತ್ರಕೋಶ ಹೊಳೆಯೋದೂ ನಾರ್ಮಲ್' ಅಂದರು. ಆಮೇಲೆ ನಗು ನಿಲ್ಲಿಸಿ ಎದೆಯ ನಡುವಿನ ಎರಡು ಚುಕ್ಕೆಗಳನ್ನು ತೋರಿಸಿದರು. ಕ್ಯಾನ್ಸರ್ ಮರಳಿರಬಹುದು, ಕ್ಷಯವೂ ಇರಬಹುದು. ಉರಿಯೂತದ ಕೋಶಗಳೂ ಸಕ್ಕರೆ ನುಂಗುವುದರಿಂದ ಸ್ಕ್ಯಾನ್ ಒಂದರಿಂದಲೇ ಹೇಳೋಕಾಗಲ್ಲ. ಬಯಾಪ್ಸಿ ಬೇಕು.

ದೊಡ್ಡಮ್ಮನಿಗೆ ಈ ಸಕ್ಕರೆ ಕಥೆ ಹೇಳಿದ್ದೇ ತಪ್ಪಾಯ್ತು. 'ಹಾಗಾದ್ರೆ ಅನ್ನ, ಹಣ್ಣು ಎಲ್ಲ ನಿಲ್ಲಿಸಿದ್ರೆ ಗಡ್ಡೆ ಉಪವಾಸ ಸಾಯುತ್ತೆ' ಅಂತ ಶುರು ಮಾಡಿದರು. ತಿನ್ನದೇ ಇದ್ದರೂ ಲಿವರ್ ಗ್ಲೂಕೋಸ್ ತಯಾರಿಸುತ್ತದೆ, ಸೊರಗೋದು ಅಮ್ಮನೇ ಅಂತ ನಾಲ್ಕು ಸಲ ಹೇಳಿದೆ. ಕೊನೆಗೆ ಅಮ್ಮನೇ ತಟ್ಟೆ ಎಳೆದುಕೊಂಡು ಊಟಕ್ಕೆ ಕೂತಳು.

ಬಯಾಪ್ಸಿ ಆಗಿದೆ. ರಿಪೋರ್ಟ್ ಗುರುವಾರ ಸಿಗುತ್ತದಂತೆ. ಆಫೀಸಿಗೆ ರಜೆ ಹಾಕಿದ್ದೇನೆ.