ಚೆಂಡು ಓಡಬೇಕೇ, ಹುಡುಗ ಓಡಬೇಕೇ?

ಅಮೆರಿಕದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1967ರಿಂದ 1970ರವರೆಗೆ ಪೀಟ್ ಮಾರವಿಚ್ ಎಂಬ ಹುಡುಗ ಬ್ಯಾಸ್ಕೆಟ್‌ಬಾಲ್ ಆಡಿದ. ಮೂರು ವರ್ಷ, 83 ಪಂದ್ಯ, 3667 ಅಂಕ. ಪಂದ್ಯಕ್ಕೆ ಸರಾಸರಿ 44.2! ದೂರದಿಂದ ಹಾಕಿದರೆ ಮೂರು ಅಂಕ ಎಂಬ ನಿಯಮ ಆಗ ಇರಲಿಲ್ಲ. ಎಲ್ಲಿಂದ ಹಾಕಿದರೂ ಎರಡೇ. ಪುರುಷರ ಕಾಲೇಜು ಆಟದ ಅತ್ಯುನ್ನತ ದರ್ಜೆಯಲ್ಲಿ ಈ ದಾಖಲೆಯನ್ನು ಯಾರೂ ಮುರಿದಿಲ್ಲ. 2024ರಲ್ಲಿ ಐಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಎಂಬ ವಿದ್ಯಾರ್ಥಿನಿ ಈ ಸಂಖ್ಯೆಯನ್ನು ದಾಟಿದಳು. ಆದರೆ ಆಕೆ ಆಡಿದ್ದು ನಾಲ್ಕು ವರ್ಷ.

ಇನ್ನೊಂದು ಲೆಕ್ಕವೂ ಇದೆ. ಆ 83 ಪಂದ್ಯಗಳಲ್ಲಿ ಮಾರವಿಚ್, ಫ್ರೀ ಥ್ರೋ ಬಿಟ್ಟು, 3166 ಬಾರಿ ಬಾಸ್ಕೆಟ್ಟಿನತ್ತ ಚೆಂಡು ಎಸೆದಿದ್ದ. ಎಂದರೆ ಪಂದ್ಯಕ್ಕೆ 38 ಎಸೆತ. ಒಳಗೆ ಬಿದ್ದದ್ದು 1387. ತಂಡದ ಕೋಚ್ ಬೇರೆ ಯಾರೂ ಅಲ್ಲ, ಅವನ ತಂದೆ ಪ್ರೆಸ್ ಮಾರವಿಚ್. ಸರಿ, ತಂಡದ ಗತಿ ಏನಾಯಿತು? ಮೊದಲ ವರ್ಷ 14 ಗೆಲುವು, 12 ಸೋಲು. ಎರಡನೆಯ ವರ್ಷ 13–13. ಮೂರನೆಯ ವರ್ಷ 22–10. ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯಾವಳಿಗೆ ಒಮ್ಮೆಯೂ ಪ್ರವೇಶ ಸಿಗಲಿಲ್ಲ.

ತಂದೆಯ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ. ಪೀಟ್ ಬರುವ ಹಿಂದಿನ ವರ್ಷ ಆ ತಂಡ ಗೆದ್ದದ್ದು 3 ಪಂದ್ಯ, ಸೋತದ್ದು 23. ಒಬ್ಬ ತಾರಾ ಆಟಗಾರ ತಂಡವನ್ನು ಹಳ್ಳದಿಂದ ಮೇಲೆತ್ತಿದ ಎಂಬುದು ನಿಜ. ನನ್ನ ಪ್ರಶ್ನೆ ಬೇರೆ. ಒಬ್ಬನೇ 38 ಸಲ ಎಸೆಯುವಾಗ ಉಳಿದ ನಾಲ್ವರು ಏನು ಕಲಿತರು? ಪ್ರಯೋಗಶಾಲೆಯಲ್ಲಿ ನಾನು ಇದನ್ನು ದಿನವೂ ನೋಡುತ್ತೇನೆ. ಐದು ಜನರ ಗುಂಪಿನಲ್ಲಿ ಚುರುಕಾದ ಹುಡುಗ ಬ್ಯುರೆಟ್ ಹಿಡಿದರೆ ಮುಗಿಯಿತು. ಮಿಕ್ಕವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಉತ್ತರವೇನೋ ಸರಿಯಾಗಿಯೇ ಬರುತ್ತದೆ.

ಈ ಆಟವನ್ನು ಕಂಡುಹಿಡಿದವರೂ ಒಬ್ಬ ಮೇಷ್ಟರೇ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳ ಪ್ರಕಾರ, ಚೆಂಡು ಹಿಡಿದವನು ಅದರೊಂದಿಗೆ ಓಡುವಂತಿರಲಿಲ್ಲ. ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಪುಟಿಸುತ್ತಾ ಓಡುವ ಡ್ರಿಬಲ್ ಆಮೇಲೆ ಬಂದದ್ದು. ಆಟ ಹುಟ್ಟಿದಾಗ ಓಡುತ್ತಿದ್ದದ್ದು ಚೆಂಡು.

ಈ ಮೂಲಗುಣವನ್ನೇ ನೆಚ್ಚಿಕೊಂಡು ಒಂದು ಬದುಕನ್ನೇ ಕಳೆದ ಕೋಚ್ ಪೀಟ್ ಕ್ಯಾರಿಲ್. ತಂದೆ ಸ್ಪೇನಿನಿಂದ ಬಂದು ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಮಗ 1967ರಿಂದ 1996ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತಿ ಕೊಟ್ಟರು. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಇಲ್ಲ. ಓದಿನಲ್ಲಿ ಗೆದ್ದು ಸೀಟು ಪಡೆಯಬೇಕು. ಹೀಗಾಗಿ ಏಳಡಿಯ ಹುಡುಗರು, ಆನೆಬಲದ ಹುಡುಗರು ಬೇರೆ ಕಡೆ ಹೋಗುತ್ತಿದ್ದರು. ಬಂದವರನ್ನು ಇಟ್ಟುಕೊಂಡೇ ಕ್ಯಾರಿಲ್ ಆಡಿಸಬೇಕಾಗಿತ್ತು.

ಅವರು ಮಾಡಿದ್ದೇನು? ತಂಡದ ಅತಿ ಎತ್ತರದ ಹುಡುಗನನ್ನು ಬಾಸ್ಕೆಟ್ಟಿನ ಕೆಳಗಿನಿಂದ ಹೊರಕ್ಕೆ, ಫ್ರೀ ಥ್ರೋ ಗೆರೆಯ ಹತ್ತಿರಕ್ಕೆ ಕರೆದು ನಿಲ್ಲಿಸಿದರು. ಎದುರಾಳಿಯ ಎತ್ತರದವನು ಅವನ ಹಿಂದೆಯೇ ಹೊರಗೆ ಬರಲೇಬೇಕು. ಬಾಸ್ಕೆಟ್ಟಿನ ಕೆಳಗೆ ಅಂಗಳ ಖಾಲಿಯಾಯಿತು. ಈಗ ಪಕ್ಕದಲ್ಲಿರುವ ಹುಡುಗ ಚೆಂಡು ಬೇಕೆಂಬಂತೆ ಹೊರಗೆ ಒಂದು ಹೆಜ್ಜೆ ಇಡುತ್ತಾನೆ. ಅವನನ್ನು ಕಾಯುವವನು ಪಾಸ್ ತಡೆಯಲು ಮುಂದೆ ನುಗ್ಗುತ್ತಾನೆ. ಆ ಕ್ಷಣದಲ್ಲಿ ಹುಡುಗ ಅವನ ಬೆನ್ನ ಹಿಂದಿನಿಂದ ಖಾಲಿ ಅಂಗಳಕ್ಕೆ ಓಡುತ್ತಾನೆ, ಚೆಂಡು ಅಲ್ಲಿಗೇ ಬರುತ್ತದೆ. ಇದಕ್ಕೆ ಹಿತ್ತಲ ಬಾಗಿಲು ಎಂದೇ ಹೆಸರು, ಇಂಗ್ಲಿಷಿನಲ್ಲಿ ಬ್ಯಾಕ್‌ಡೋರ್. ಎಷ್ಟೇ ವೇಗದ ಓಟಗಾರನೂ ಎಸೆದ ಚೆಂಡಿನಷ್ಟು ಬೇಗ ಓಡಲಾರ. ಕಾಯುವವನಿಗೆ ಚೆಂಡು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಕಣ್ಣು ಎರಡಿದ್ದರೂ ನೋಟ ಒಂದೇ ಕಡೆಗೆ. ಆದರೆ ಇದು ನಡೆಯಬೇಕಾದರೆ ಐವರಲ್ಲಿ ಪ್ರತಿಯೊಬ್ಬನಿಗೂ ಪಾಸ್ ಮಾಡಲು, ಎಸೆಯಲು, ಮುಖ್ಯವಾಗಿ ನೋಡಲು ಬರಬೇಕು. ಒಬ್ಬ ಕುರುಡಾದರೂ ಯಂತ್ರ ನಿಲ್ಲುತ್ತದೆ.

ಎರಡನೆಯ ಉಪಾಯ ನಿಧಾನ. ಸರಿಯಾದ ಅವಕಾಶ ಸಿಗುವವರೆಗೂ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಇರುವುದು. ನೋಡುವವರಿಗೆ ಬೇಸರ, ಒಪ್ಪುತ್ತೇನೆ. ಆದರೆ ಇದರಲ್ಲಿ ಗಣಿತವಿದೆ. ನೂರಕ್ಕೆ ಅರವತ್ತು ಸಲ ಹೆಡ್ ಬೀಳುವ ಒಂದು ನಾಣ್ಯವನ್ನು ಕಲ್ಪಿಸಿಕೊಳ್ಳಿ. ಮೂರು ಬಾರಿ ಚಿಮ್ಮಿದರೆ ಟೇಲ್ ಪಕ್ಷ ಗೆಲ್ಲುವ ಸಂಭವ ಶೇ. 35. ಅದೇ ನಾಣ್ಯವನ್ನು 101 ಬಾರಿ ಚಿಮ್ಮಿದರೆ ಆ ಸಂಭವ ಶೇ. 2ಕ್ಕೆ ಇಳಿಯುತ್ತದೆ. (ವಿದ್ಯಾರ್ಥಿಗಳು ಮೊದಲನೆಯದನ್ನಾದರೂ ಕೈಯಲ್ಲೇ ಮಾಡಿ ನೋಡಬಹುದು.) ಅವಕಾಶಗಳ ಸಂಖ್ಯೆ ಕಡಿಮೆಯಾದಷ್ಟೂ ದುರ್ಬಲನಿಗೆ ಲಾಭ.

1996ರ ಮಾರ್ಚ್ 14ರಂದು ಇಂಡಿಯಾನಾಪೊಲಿಸ್‌ನಲ್ಲಿ ಈ ಎರಡೂ ಕೂಡಿ ಬಂದವು. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ. ಆರು ನಿಮಿಷ ಉಳಿದಿದ್ದಾಗ ಪ್ರಿನ್ಸ್‌ಟನ್ 34–41ರಿಂದ ಹಿಂದೆ ಬಿದ್ದಿತ್ತು. ಆಮೇಲೆ ಯುಸಿಎಲ್‌ಎಗೆ ಒಂದು ಅಂಕವೂ ಸಿಗಲಿಲ್ಲ. ಸ್ಕೋರು 41–41 ಆದಾಗ ಸ್ಟೀವ್ ಗುಡ್ರಿಚ್ ಫ್ರೀ ಥ್ರೋ ಗೆರೆಯ ಬಳಿ ಚೆಂಡು ಹಿಡಿದು ನಿಂತ. ಮೊದಲ ವರ್ಷದ ಹುಡುಗ ಗೇಬ್ ಲೂಲಿಸ್ ಹಿತ್ತಲ ಬಾಗಿಲಿನಿಂದ ನುಗ್ಗಿ ಚೆಂಡು ಪಡೆದು ಒಳಗೆ ಹಾಕಿದ. ಉಳಿದಿದ್ದದ್ದು 3.9 ಸೆಕೆಂಡು. ಪ್ರಿನ್ಸ್‌ಟನ್ 43–41. (ಆ ಹುಡುಗ ಮುಂದೆ ಮೂಳೆ ಶಸ್ತ್ರವೈದ್ಯನಾದ ಎಂಬುದು ಪಾಲಕರ ಗಮನಕ್ಕೆ!)

ಇಷ್ಟಕ್ಕೆ ತಾರೆಗಳು ಬೇಡವೆಂದು ತೀರ್ಮಾನಿಸುವುದು ಆತುರವಾದೀತು. ಎರಡೇ ದಿನದ ನಂತರ ಮಿಸಿಸಿಪ್ಪಿ ಸ್ಟೇಟ್ ಇದೇ ಪ್ರಿನ್ಸ್‌ಟನ್ನನ್ನು 63–41ರಿಂದ ಸೋಲಿಸಿತು. 1989ರಿಂದ 1992ರವರೆಗೆ ನಾಲ್ಕು ವರ್ಷವೂ ಕ್ಯಾರಿಲ್ ತಂಡ ಮೊದಲ ಸುತ್ತಿನಲ್ಲೇ ಸೋತಿತ್ತು. ನಾಲ್ಕೂ ಸೋಲಿನ ಅಂತರ ಕೂಡಿದರೆ 15 ಅಂಕ, ಅಷ್ಟೆ. ಆದರೂ ಸೋಲು ಸೋಲೇ. ಎತ್ತರವನ್ನು, ಬಲವನ್ನು ಉಪಾಯದಿಂದ ಸರಿಗಟ್ಟಬಹುದು, ದಿನವೂ ಅಲ್ಲ.

ತಾರೆಯೂ ಇದ್ದು ತಂಡವೂ ಉಳಿಯುವುದು ಹೇಗೆ? ಯುಸಿಎಲ್‌ಎಯ ಹಳೆಯ ಕೋಚ್ ಜಾನ್ ವುಡನ್ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆಲ್ಲಿಸಿದವರು. ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಅಲ್ಸಿಂಡರ್ ಅವರ ಶಿಷ್ಯ. ಬಾಸ್ಕೆಟ್ ಹಾಕಿದವನು ಪಾಸ್ ಕೊಟ್ಟವನತ್ತ ಕೈಮಾಡಿಯೋ ತಲೆಯಾಡಿಸಿಯೋ ಕೃತಜ್ಞತೆ ತೋರಿಸಬೇಕೆಂಬುದು ಅವರ ಕಟ್ಟಪ್ಪಣೆ. ಮಕ್ಕಳು ಆಡಿ ಮನೆಗೆ ಬಂದಾಗ ನಾವು ‘ಎಷ್ಟು ಹಾಕಿದೆ?’ ಎಂದು ಕೇಳುತ್ತೇವೆ. ‘ಯಾರಿಗೆ ಕೊಟ್ಟೆ?’ ಎಂದು ಕೇಳಿದ ತಂದೆಯನ್ನು ನಾನಂತೂ ಕಂಡಿಲ್ಲ.

2012ರ ಫೈನಲ್ ಇನ್ನೂ ಸ್ವಾರಸ್ಯದ್ದು. ಕೆಂಟಕಿ ತಂಡದ ಆಂಥೊನಿ ಡೇವಿಸ್ ಆ ವರ್ಷದ ದೊಡ್ಡ ತಾರೆ. ಅಂದು ಹತ್ತು ಸಲ ಎಸೆದ, ಒಂದೇ ಒಂದು ಒಳಗೆ ಬಿತ್ತು. ಒಟ್ಟು 6 ಅಂಕ. ಆದರೆ 16 ರೀಬೌಂಡ್ ಹಿಡಿದ, 6 ಎಸೆತ ತಡೆದ, ಗೆಳೆಯರ 5 ಬಾಸ್ಕೆಟ್‌ಗಳಿಗೆ ಪಾಸ್ ಕೊಟ್ಟ. ಕೆಂಟಕಿ ಗೆದ್ದಿತು, ಶ್ರೇಷ್ಠ ಆಟಗಾರನ ಪ್ರಶಸ್ತಿ ಅವನಿಗೇ ಬಂತು.

ಈಗ ಕೋಚ್‌ಗಳ ಕಷ್ಟ ಬೇರೆ ಬಗೆಯದು. 2021ರಿಂದ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ಒಂದು ವರ್ಷ ಸುಮ್ಮನೆ ಕೂರದೆ ಬೇರೆ ಕಾಲೇಜಿಗೆ ಹೋಗಿ ಆಡಬಹುದು. ಹುಡುಗರ ದೃಷ್ಟಿಯಿಂದ ಇದು ನ್ಯಾಯವೇ. ಅವರ ಆಟದಿಂದ ಮಿಕ್ಕವರೆಲ್ಲ ದುಡಿಯುತ್ತಿದ್ದರಲ್ಲ! ಆದರೆ ಐದು ಜೊತೆ ಕಣ್ಣುಗಳು ಒಂದೇ ಸಲಕ್ಕೆ ನೋಡುವುದನ್ನು ಕಲಿಯಲು ವರ್ಷಗಳೇ ಬೇಕು. ಬೇಸಿಗೆಗೊಮ್ಮೆ ತಂಡವೇ ಬದಲಾದರೆ ಕಲಿಸುವುದು ಯಾವಾಗ?

ಕ್ಯಾರಿಲ್ 2022ರ ಆಗಸ್ಟ್‌ನಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ಮಾರ್ಚ್‌ನಲ್ಲಿ ಪ್ರಿನ್ಸ್‌ಟನ್ ತಂಡ ಬಲಾಢ್ಯ ಅರಿಜೋನಾವನ್ನು 59–55ರಿಂದ ಸೋಲಿಸಿತು. ಕೋಚ್ ಮಿಚ್ ಹೆಂಡರ್ಸನ್, 1996ರ ಆ ತಂಡದಲ್ಲಿ ಆಡಿದ್ದ ಹುಡುಗ. ಪಂದ್ಯದ ಕೊನೆಯ 9 ಅಂಕಗಳೂ ಪ್ರಿನ್ಸ್‌ಟನ್ನಿನವೇ.